ಇಲಿಮಾವನ ಕೀಲಿಗೊಂಚಲು ಮತ್ತು ಅರ್ಧ ಗಂಟೆಯ ನಿಯಮ

ಇಲಿಮಾವ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷ ಒಂದೇ ಕೋಣೆಯಲ್ಲಿ ಇಲಿಗಳ ಜೊತೆ ಸಂಸಾರ ಮಾಡಿದವನನ್ನು ಜನ ಇನ್ನೇನೆಂದು ಕರೆದಾರು? ಮಿದುಳು ಸಂಶೋಧನಾಲಯದ ಹಿಂಬದಿಯಲ್ಲಿ ಉದ್ದನೆಯದೊಂದು ಕೋಣೆ. ಒಳಗೆ ಐದು ಅಂತಸ್ತಿನ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ಸರಳಿನ ಮುಚ್ಚಳದ ಗಾಜಿನಂಥ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಬಿಳಿ ಇಲಿಗಳು. ಮರದ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು, ಗುಳಿಗೆಯಂಥ ಒಣ ಆಹಾರ ಹಾಕುವುದು ಅವನ ಕೆಲಸ. ಏಳನೆಯ ತರಗತಿಗೇ ಶಾಲೆಗೆ ಕೈಮುಗಿದವನು. ಆದರೆ ಇಲಿ ಮೈ ಮುದುಡಿ ಕೂತ ಬಗೆ ನೋಡಿ ಅದಕ್ಕೆ ಎಲ್ಲಿ ನೋವು ಎಂದು ಹೇಳಿಬಿಡುತ್ತಿದ್ದ. ಓದಿದವರು ಮೂರು ದಿನ ಪರೀಕ್ಷೆ ಮಾಡಿ, ವರದಿ ಬರೆಸಿ, ಕೊನೆಗೆ ಅದನ್ನೇ ಹೇಳುತ್ತಿದ್ದರು.

ಅವನಿಗೆ ಎರಡು ಅಭ್ಯಾಸಗಳಿದ್ದವು. ಒಂದು ಎಲ್ಲರಿಗೂ ಗೊತ್ತಿದ್ದದ್ದು, ಅಂದರೆ ಯಾರೂ ಗಮನಿಸದೇ ಇದ್ದದ್ದು. ಬೆಳಿಗ್ಗೆ ಸರಿಯಾಗಿ ಒಂಬತ್ತೂವರೆಗೆ ಪೆಟ್ಟಿಗೆಗಳ ಸಾಲಿಗೆ ಬರುವ ಮುಂಚೆ ಕೀಲಿಗೊಂಚಲನ್ನು ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿಯುತ್ತಿದ್ದ. ಸುಳಿವು ಕೊಡದೆ ಕೈ ಹಾಕಿದರೆ ಇಲಿ ಬೆಚ್ಚಿಬಿದ್ದು ಕಚ್ಚುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅವನ ಬಲಗೈಯ ತೋರುಬೆರಳು ಆ ಪಾಠ ಕಲಿತಿತ್ತು.

ಇನ್ನೊಂದು ಅಭ್ಯಾಸ ಯಾರಿಗೂ ಗೊತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಒಂದು ಕಾಗದದ ಪೊಟ್ಟಣ, ಅದರಲ್ಲಿ ಸೂರ್ಯಕಾಂತಿ ಬೀಜ. ಕೀಲಿ ಬಡಿದ ಮೇಲೆ ಇಲಿಗೊಂದು ಬೀಜ. ಆ ಬಾಗಿಲ ಪಕ್ಕದ ಗೋಡೆಯ ಮೇಲೇ ಕೈಯಗಲದ ಅಕ್ಷರಗಳಲ್ಲಿ ಫಲಕ: ‘ನಿಗದಿತ ಆಹಾರವಲ್ಲದೆ ಬೇರೇನನ್ನೂ ಪ್ರಾಣಿಗಳಿಗೆ ಕೊಡತಕ್ಕದ್ದಲ್ಲ. ತಪ್ಪಿದವರನ್ನು ಸೇವೆಯಿಂದ ವಜಾ ಮಾಡಲಾಗುವುದು.’ ಆ ಫಲಕವನ್ನು ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಫಳಫಳ ಹೊಳೆಯುವಂತೆ ಇಡುತ್ತಿದ್ದವನೂ ಇಲಿಮಾವನೇ. ಅದರ ಕೆಳಗೆ ನಿಂತೇ ಬೀಜ ಹಂಚುತ್ತಿದ್ದ.

ಫಲಕ ಬರೆಸಿದವರು ಸಂಶೋಧನಾಲಯದ ಮುಖ್ಯಸ್ಥರು. ಎತ್ತರ ಐದಡಿ. ಆದರೂ ಎಲ್ಲರೂ ದೊಡ್ಡೋರು ಎನ್ನುತ್ತಿದ್ದರು, ಅವರೂ ಅದನ್ನು ನಂಬಿದ್ದರು. ಅವರ ಕೆಳಗೆ ಸಂಶೋಧನೆ ಮಾಡುತ್ತಿದ್ದಾಕೆಗೆ ನಲವತ್ತು ತುಂಬಿತ್ತು. ಎರಡು ಮಕ್ಕಳನ್ನು ಶಾಲೆಗೆ ಹತ್ತಿಸಿದ ಮೇಲೆ ತಾನೂ ಪುಸ್ತಕ ಹಿಡಿದು ಬಂದವಳು. ಇಡೀ ಕಟ್ಟಡಕ್ಕೆ ಆಕೆ ಅಕ್ಕ. ಇಲಿಮಾವನೊಬ್ಬನೇ ತಾಯಿ ಎನ್ನುತ್ತಿದ್ದ. ಕೊಳಾಯಿ ಹತ್ತಿರದ ಕಲ್ಲುಬೆಂಚಿನ ಮೇಲೆ ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು.

"ಅಣ್ಣ, ಆ ತಲೆ ಮೇಲೆ ಟೋಪಿ ಹಾಕ್ಕೊಂಡಿರೋ ಇಲಿಗಳಿದಾವಲ್ಲ, ಅವುಗಳ ತಲೇಲಿ ನಾವೇನು ಹುಡುಕ್ತಿದ್ದೀವಿ ಗೊತ್ತಾ?" ಎಂದು ಅಕ್ಕ ಒಂದು ದಿನ ಕೇಳಿದಳು.

"ನಂಗೇನು ಗೊತ್ತು ತಾಯಿ. ನಾನು ಬಂದು ಇಪ್ಪತ್ತಾರು ವರ್ಷ ಆಯ್ತು, ಇನ್ನೂ ಹುಡುಕ್ತಾನೇ ಇದ್ದೀರಿ. ಏನೋ ಭಾರಿ ಬೆಲೆಬಾಳೋದೇ ಕಳ್ಕೊಂಡಿರಬೇಕು."

ಅಕ್ಕ ನಕ್ಕು, ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ವಿವರಿಸಿದಳು. "ಡೊಪಮೈನ್ ಅಂತ ಒಂದು ರಸ ಅಣ್ಣ. ಹೊರಗಡೆ ಜನ ಅದನ್ನ ಸುಖದ ರಸ ಅಂತಾರೆ. ನನ್ನ ಕೇಳಿದ್ರೆ ಅದು ‘ಇಗೋ ಬಂತು, ಏಳು’ ಅನ್ನೋ ರಸ. ಬೇಕಾದ್ದು ಬರೋ ಸುಳಿವು ಸಿಕ್ಕರೆ ಸಾಕು, ಉಕ್ಕುತ್ತೆ. ಇನ್ನು ನ್ಯೂರೋಪೆಪ್ಟೈಡ್ ಅಂತ ಇದಾವೆ. ಪ್ರೋಟೀನಿನ ಸಣ್ಣ ತುಣುಕುಗಳು ಅಂದ್ಕೊಳಿ. ನರಕೋಶಗಳೇ ಅವನ್ನ ಬಿಡ್ತವೆ. ನಿಧಾನವಾಗಿ ಹರಡಿ, ಬಹಳ ಹೊತ್ತು ಉಳೀತವೆ. ಕೆಲವು ಜಾತಿಯವು ಡೊಪಮೈನ್ ಜಾಸ್ತಿ ಬಿಡೋ ಹಾಗೆ ಮಾಡ್ತವೆ, ಕೆಲವು ಅದುಮಿ ಹಿಡೀತವೆ."

ಇಲಿಮಾವ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. "ಅಂದ್ರೆ ಅತ್ತೆ ಥರ."

"ಅತ್ತೆನಾ?"

"ಹೂಂ. ತಾನು ಒಲೆ ಮುಂದೆ ಬರಲ್ಲ. ಕೂತಲ್ಲಿಂದಲೇ ಉರಿ ಜಾಸ್ತಿ ಮಾಡು, ಉರಿ ಸಣ್ಣ ಮಾಡು ಅಂತ ಹೇಳ್ತಾಳೆ. ಅಡುಗೆ ಮಾಡೋಳು ಸೊಸೆ, ರುಚಿ ಕೆಡಿಸೋಳು ಅತ್ತೆ."

"ನಮ್ಮ ದೊಡ್ಡೋರು ಮಾತ್ರ ಅತ್ತೆನೇ ಒಲೆ ಹಚ್ತಾಳೆ ಅಂತ ಹಟ ಹಿಡಿದಿದಾರೆ ಅಣ್ಣ," ಎಂದು ಅಕ್ಕ ದನಿ ತಗ್ಗಿಸಿದಳು.

ಹಟಕ್ಕೆ ಕಾರಣವೂ ಇತ್ತು. ಪ್ರಾಣಿಗೃಹದ ಕೊನೆಯಲ್ಲಿ ಟೋಪಿ ಇಲಿಗಳಿಗೆಂದೇ ಬೇರೆ ಪೆಟ್ಟಿಗೆಗಳು. ಟೋಪಿಯ ಮೂಲಕ ಕೂದಲೆಳೆಗಿಂತ ಸಣ್ಣ ತಂತಿ ಮಿದುಳಿಗೆ ಇಳಿದಿರುತ್ತಿತ್ತು. ಗೋಡೆಯಾಚೆಯ ಕೋಣೆಯಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಡೊಪಮೈನಿನ ಗೆರೆ ಹರಿಯುತ್ತಿತ್ತು. ದೊಡ್ಡೋರು ಒಂದು ಪೆಪ್ಟೈಡನ್ನು ಒಂಬತ್ತು ಗಂಟೆಗೆ ಇಲಿಗೆ ಕೊಡಿಸುವರು. ಗೆರೆ ಒಂಬತ್ತೂವರೆಯ ತನಕ ಸತ್ತ ಹಾವಿನಂತೆ ಬಿದ್ದಿದ್ದು, ಒಂಬತ್ತೂವರೆಗೆ ಹೆಡೆ ಎತ್ತಿ ನಿಲ್ಲುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ನಾಲ್ಕು ತಿಂಗಳು ಹೀಗೆಯೇ. ಬರೀ ಉಪ್ಪುನೀರು ಕೊಟ್ಟ ಇಲಿಗಳಲ್ಲಿ ಗೆರೆ ಏಳುತ್ತಿರಲಿಲ್ಲ. ಪೆಪ್ಟೈಡ್ ಬೇಗ ಕೆಡುವ ವಸ್ತು, ಆದ್ದರಿಂದ ಅದನ್ನು ಬೆಳಗಿನ ತಂಪಿನಲ್ಲೇ ಮುಗಿಸಬೇಕು. ಉಪ್ಪುನೀರಿಗೆ ಕೆಡುವ ಭಯವಿಲ್ಲ, ಅದನ್ನು ಊಟವಾದ ಮೇಲೆ ಮಾಡಿಕೊಂಡರಾಯಿತು. ಈ ಏರ್ಪಾಟು ದೊಡ್ಡೋರದ್ದೇ. ಊಟವಾದ ಮೇಲೆ ಇಲಿಮಾವ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿರುತ್ತಾನೆ ಎಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಅವನು ಅಲ್ಲಿ ಸೀಲಿಂಗ್ ಫ್ಯಾನಿನಂತೆ. ತಿರುಗುತ್ತಿರುತ್ತದೆ, ಅಷ್ಟೇ.

ಪೆಪ್ಟೈಡ್ ಸರಿಯಾಗಿ ಅರ್ಧ ಗಂಟೆಗೆ ಡೊಪಮೈನನ್ನು ಸುರಿಸುತ್ತದೆ ಎಂದು ದೊಡ್ಡೋರು ಸಾರಿದರು. ‘ಅರ್ಧ ಗಂಟೆಯ ನಿಯಮ’ ಎಂದು ಹೆಸರಿಟ್ಟರು. ಹೆಸರಿನ ಮುಂದೆ ತಮ್ಮ ಹೆಸರನ್ನೂ ಸೇರಿಸಬೇಕೆಂದು ಬೇರೆಯವರು ಒತ್ತಾಯಿಸಲಿ ಎಂದು ಎರಡು ವಾರ ಕಾದರು. ಯಾರೂ ಒತ್ತಾಯಿಸದ್ದರಿಂದ ತಾವೇ ಸೇರಿಸಿದರು.

ನಿಯಮ ಸಿಕ್ಕಿದ ಮೇಲೆ ಪ್ರಾಣಿಗೃಹವೂ ಅದಕ್ಕೆ ತಕ್ಕಂತಿರಬೇಡವೇ? ಆಹಾರ ಉದುರಿಸುವ ಯಂತ್ರ ಬಂತು. ಗುಂಡಿ ಒತ್ತಿದರೆ ಎಲ್ಲ ಪೆಟ್ಟಿಗೆಗೂ ಒಂದೇ ತೂಕದ ಗುಳಿಗೆ ಬೀಳುತ್ತಿತ್ತು. ದೊಡ್ಡೋರು ಇಲಿಮಾವನನ್ನು ಕರೆಸಿದರು.

"ನೋಡಪ್ಪ, ವಿಜ್ಞಾನ ಮುಂದೆ ಹೋಗ್ತಾ ಇದೆ. ನಾಳೆಯಿಂದ ನೀನು ಕೆಳಗೆ ಬಾಟಲಿ ತೊಳೆಯೋ ಕೋಣೆಗೆ ಹೋಗು."

"ಸ್ವಾಮಿ, ರಿಟೈರಾಗೋಕೆ ಇನ್ನು ಮೂರೇ ವರ್ಷ. ಅಲ್ಲಿ ತನಕ ಇಲ್ಲೇ ಇರ್ತೀನಿ. ಇಲಿಗಳಿಗೆ ನನ್ನ ಕೈ ಅಭ್ಯಾಸ ಆಗೋಗಿದೆ."

"ಅದೇ ತೊಂದರೆ! ವಿಜ್ಞಾನದಲ್ಲಿ ಕೈ ಇರಬಾರದು."

ಬಾಟಲಿ ಕೋಣೆ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ. ಮೂಗಿಗೆ ಬಡಿಯುವ ಆಮ್ಲದ ವಾಸನೆ, ಕೈಗೆ ಮೊಣಕೈವರೆಗಿನ ರಬ್ಬರ್ ಗವಸು. ಬಾಟಲಿಗಳು ಯಾರನ್ನೂ ನೋಡಿ ಕಿವಿ ನಿಮಿರಿಸುವುದಿಲ್ಲ. ಇಲಿಮಾವ ಮೊದಲ ದಿನ ಒಂಬತ್ತೂವರೆಗೆ ಅಲ್ಲಿಯ ಕಬ್ಬಿಣದ ತೊಟ್ಟಿಗೆ ಕೀಲಿಗೊಂಚಲನ್ನು ಬಡಿದು, ತಾನೇ ನಾಚಿಕೊಂಡು ಆಚೀಚೆ ನೋಡಿದ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು. ಮೂವತ್ತು ವರ್ಷದಲ್ಲಿ ಸೂಜಿಯನ್ನೂ ನುಂಗಿಲ್ಲ, ಮಾತನ್ನೂ ನುಂಗಿಲ್ಲ.

"ಏನ್ರೀ, ಮುಖ ಹರಳೆಣ್ಣೆ ಕುಡಿದ ಹಾಗೆ ಇದೆ. ಸಂಬಳ ಅದೇ, ಕಚ್ಚೋರು ಯಾರೂ ಇಲ್ಲ. ಇನ್ನೇನಾಗಬೇಕು ನಿಮಗೆ?"

"ಬಾಟಲಿ ಜೊತೆ ಏನು ಮಾತಾಡ್ಲಿ ಕಣೇ?"

"ಓಹೋ, ಇಲಿ ಜೊತೆ ಭಾರಿ ಮಾತುಕತೆ ಆಗ್ತಿತ್ತೇನೋ! ನನ್ನ ಜೊತೆ ದಿನಕ್ಕೆ ನಾಲ್ಕು ಮಾತಾಡಿದ್ರೆ ನಿಮ್ಮ ನಾಲಿಗೆ ಸವೀತಿತ್ತು." ಹಾಗೆಂದವಳು ಅಡುಗೆಮನೆಯ ಡಬ್ಬಿಯಲ್ಲಿ ಮಿಕ್ಕಿದ್ದ ಸೂರ್ಯಕಾಂತಿ ಬೀಜವನ್ನು ಎಸೆಯದೆ, ಮುಚ್ಚಳ ಬಿಗಿಮಾಡಿ ಮೇಲಿನ ಹಲಗೆಗೆ ಎತ್ತಿಟ್ಟಳು.

ಇತ್ತ ಅರ್ಧ ಗಂಟೆಯ ನಿಯಮ ಅಡ್ಡಡ್ಡ ಮಲಗಿಬಿಟ್ಟಿತು. ಅದೇ ಪೆಪ್ಟೈಡ್, ಅದೇ ಒಂಬತ್ತು ಗಂಟೆ. ಒಂಬತ್ತೂವರೆಯಾಯಿತು, ಹತ್ತಾಯಿತು, ಗೆರೆ ಮಿಸುಕಲಿಲ್ಲ. ದೊಡ್ಡೋರು ಪೆಪ್ಟೈಡ್ ಸರಬರಾಜು ಮಾಡಿದವನಿಗೆ ಫೋನಿನಲ್ಲೇ ನೀರಿಳಿಸಿದರು. ಹೊಸ ಶೀಶೆ ಬಂತು, ಗೆರೆ ಏಳಲಿಲ್ಲ. ಗಡಿಯಾರ ತಪ್ಪಿರಬೇಕೆಂದು ಅದನ್ನು ಬದಲಿಸಿದರು. ವಿದ್ಯುತ್ತಿನ ದೋಷವೆಂದರು, ಹವೆಯ ದೋಷವೆಂದರು. ಕಡೆಗೆ ಇಲಿಗಳಿಗೇ ಈಚೆಗೆ ಶಿಸ್ತಿಲ್ಲ ಎಂದರು. ತಿಂಗಳೊಪ್ಪತ್ತಿನಲ್ಲಿ ಹೊರಗಿನ ತಜ್ಞರ ಸಮಿತಿ ನಿಯಮವನ್ನು ಕಣ್ಣಾರೆ ಕಾಣಲು ಬರುವುದಿತ್ತು. ಅದೇ ದಿನ ಅಕ್ಕನ ನಾಲ್ಕು ವರ್ಷದ ಸಂಶೋಧನೆಯ ಹಣೆಬರಹವೂ ತೀರ್ಮಾನವಾಗಬೇಕಿತ್ತು.

ಅಕ್ಕ ನೆಲಮಾಳಿಗೆಗೆ ಇಳಿದುಬಂದಳು. ತಲೆಗೂದಲು ಕೆದರಿತ್ತು, ಮುಖ ಬತ್ತಿತ್ತು.

"ಅಣ್ಣ, ಯಂತ್ರ ಬಂದ ದಿನದಿಂದ ಗೆರೆ ನಿಂತಿದೆ. ನೀವಿದ್ದಾಗ ಏಳ್ತಿತ್ತು. ಒಂಬತ್ತೂವರೆಗೆ ನೀವೇನು ಮಾಡ್ತಿದ್ರಿ?"

ಫಲಕದ ಅಕ್ಷರಗಳು ಒಂದೊಂದಾಗಿ ಇಲಿಮಾವನ ಕಣ್ಣ ಮುಂದೆ ಬಂದವು. ವಜಾ ಎಂದರೆ ಪಿಂಚಣಿಯೂ ಇಲ್ಲ.

"ಕೀಲಿ ಬಡೀತಿದ್ದೆ ತಾಯಿ. ಮೂರು ಸಲ," ಎಂದ. ಅರ್ಧ ನಿಜ ಹೊರಗೆ ಬಂತು, ಇನ್ನರ್ಧ ಗಂಟಲಲ್ಲೇ ಕೂತಿತು.

ಮಾರನೆಯ ದಿನವೇ ಅವನನ್ನು ಮೇಲಕ್ಕೆ ಕರೆಸಿದರು. ಆಗ ಅಕ್ಕ ಮಾಡಿದ ಕೆಲಸವನ್ನು ನಾಲ್ಕು ತಿಂಗಳ ಮುಂಚೆಯೇ ಯಾರಾದರೂ ಮಾಡಿದ್ದರೆ ಯಂತ್ರದ ಖರ್ಚು ಉಳಿಯುತ್ತಿತ್ತು. ಎಲ್ಲವನ್ನೂ ಬೆಳಿಗ್ಗೆಯೇ ಇಟ್ಟುಕೊಂಡು ನಾಲ್ಕು ಬಗೆಯಲ್ಲಿ ಪರೀಕ್ಷಿಸಿದಳು. ಪೆಪ್ಟೈಡ್ ಕೊಟ್ಟು ಕೀಲಿ ಬಡಿಯದಿದ್ದರೆ ಗೆರೆ ಅಲ್ಲಾಡಲಿಲ್ಲ. ಉಪ್ಪುನೀರು ಕೊಟ್ಟು ಕೀಲಿ ಬಡಿದರೆ ಗೆರೆ ಮೊಣಕಾಲೆತ್ತರ ಎದ್ದಿತು. ಎರಡೂ ಇಲ್ಲದಿದ್ದರೆ ಏನೂ ಇಲ್ಲ. ಪೆಪ್ಟೈಡ್ ಕೊಟ್ಟು ಕೀಲಿಯನ್ನೂ ಬಡಿದರೆ ಗೆರೆ ಆಳೆತ್ತರ ಎದ್ದು ಪರದೆಯ ನೆತ್ತಿ ಮುಟ್ಟಿತು.

"ನೀವಂದಿದ್ದೇ ಸರಿ ಅಣ್ಣ!" ಅಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು. "ಒಲೆ ಹಚ್ಚೋದು ಕೀಲಿ ಸದ್ದು. ಪೆಪ್ಟೈಡ್ ಉರಿ ಜಾಸ್ತಿ ಮಾಡುತ್ತೆ ಅಷ್ಟೇ. ಒಲೇನೇ ಹಚ್ಚದಿದ್ರೆ ಅತ್ತೆ ಕೂಗಿ ಏನು ಪ್ರಯೋಜನ?"

ದೊಡ್ಡೋರು ಈ ಫಲಿತಾಂಶವನ್ನು ಒಂದು ದಿನ ಅಲ್ಲಗಳೆದರು, ಎರಡನೆಯ ದಿನ ಅನುಮಾನಿಸಿದರು, ಮೂರನೆಯ ದಿನ ಇದನ್ನೇ ತಾವು ಮೊದಲಿಂದ ಹೇಳುತ್ತಿದ್ದುದು ಎಂದರು. ಇಲಿಮಾವ ಒಳಗಿರಲು ಮಂಜೂರಾದ ಹುದ್ದೆ ಇಲ್ಲದ್ದರಿಂದ ಅವನನ್ನು ಉಪಕರಣಗಳ ಪಟ್ಟಿಗೆ ಸೇರಿಸಿದರು: ‘ಧ್ವನಿ ಸೂಚಕ, ಒಂದು. ಸ್ಥಿತಿ: ಹಳೆಯದು, ಕೆಲಸ ಮಾಡುತ್ತಿದೆ.’

ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಗೆರೆ ಬಗ್ಗತೊಡಗಿತು. ಇಂದು ಎದೆಯೆತ್ತರ, ನಾಳೆ ಸೊಂಟದೆತ್ತರ. ಅಕ್ಕನಿಗೆ ಮತ್ತೆ ನಿದ್ದೆ ಹಾರಿತು. ಇಲಿಮಾವನಿಗೆ ಮಾತ್ರ ಕಾರಣ ಮೂರನೆಯ ದಿನಕ್ಕೇ ತಿಳಿದಿತ್ತು. ಕೀಲಿ ಸದ್ದಿಗೆ ಇಲಿಗಳು ಓಡಿಬಂದು, ಸರಳಿಗೆ ಮೂಗು ತೂರಿಸಿ, ಕಾದು, ಬರಿಗೈ ನೋಡಿ ಹಿಂದಿರುಗುತ್ತಿದ್ದವು. ಕಿವಿ ಹರಿದ ಒಂದು ಹಳೆಯ ಹೆಣ್ಣಿಲಿಯಂತೂ ಆಮೇಲೆ ಎದ್ದುಬರುವುದನ್ನೇ ಬಿಟ್ಟು, ಹೊಟ್ಟಿನಲ್ಲಿ ಮಲಗಿ ಅವನನ್ನು ದಿಟ್ಟಿಸುತ್ತಿತ್ತು. ಸುಳ್ಳುಗಾರನನ್ನು ನೋಡುವ ನೋಟ ಮನುಷ್ಯನದಾದರೇನು, ಇಲಿಯದಾದರೇನು. ಇಲಿಮಾವ ತಲೆ ತಗ್ಗಿಸಿ ಮುಂದಿನ ಪೆಟ್ಟಿಗೆಗೆ ಹೋಗುತ್ತಿದ್ದ.

ಸಮಿತಿ ಬರುವ ದಿನ ಬೆಳಿಗ್ಗೆ ಅಂಗಿ ಹಾಕಿಕೊಳ್ಳುತ್ತ ಹೆಂಡತಿಗೆ ಎಲ್ಲವನ್ನೂ ಹೇಳಿದ.

"ಬೀಜ ಕೊಟ್ಟಿದ್ದೆ ಅಂದ್ರೆ ಕೆಲಸ ಹೋಗುತ್ತೆ. ಹೇಳದಿದ್ರೆ ಆ ತಾಯಿ ಓದು ಹೋಗುತ್ತೆ, ನಾನು ವಾಪಸ್ ಬಾಟಲಿ ಕೋಣೆಗೆ. ಏನ್ ಮಾಡ್ಲಿ?"

ಹೆಂಡತಿ ಬಾಯಿಂದ ಗುಂಡುಸೂಜಿ ತೆಗೆದು ಮೆತ್ತೆಗೆ ಚುಚ್ಚಿದಳು. ಹಾಗೆ ಮಾಡಿದಳೆಂದರೆ ಮಾತು ತಮಾಷೆಯದಲ್ಲ.

"ಇಷ್ಟು ದಿನ ಬರೀ ಸದ್ದು ಮಾಡಿ ಅವಕ್ಕೆ ಮೋಸ ಮಾಡ್ತಿದ್ರಾ?"

"ಇಲಿ ಕಣೇ ಅವು."

"ಇಲಿ ಆದ್ರೇನು? ಇಪ್ಪತ್ತಾರು ವರ್ಷ ನಂಬಿಸಿದ್ದು ಯಾರು? ಕೆಲಸ ಹೋದ್ರೆ ಹೋಗಲಿ, ಈ ಯಂತ್ರ ತುಳಿಯೋಕೆ ನನ್ನ ಕಾಲಿದೆ. ನೀವು ಗುಂಡಿ ಹೊಲಿಯೋದು ಕಲೀರಿ." ಮೇಲಿನ ಹಲಗೆಯ ಡಬ್ಬಿ ಇಳಿಸಿ, ಪೊಟ್ಟಣ ಕಟ್ಟಿ ಅವನ ಜೇಬಿಗೆ ತುರುಕಿದಳು. "ಕೊಡೋದು ಬಿಡೋದು ನಿಮ್ಮಿಷ್ಟ. ಜೇಬಲ್ಲಿರಲಿ."

ಸಮಿತಿಯವರು ಐದು ಜನ. ಅಧ್ಯಕ್ಷೆ ಊರುಗೋಲು ಹಿಡಿದ ಮುದುಕಿ, ನರೆತ ತಲೆ, ಮೊನಚು ಕಣ್ಣು. ಇಲಿಗಳನ್ನೂ ಪರದೆಯನ್ನೂ ಒಟ್ಟಿಗೆ ನೋಡಲೆಂದು ಪರದೆಯನ್ನು ಪ್ರಾಣಿಗೃಹದೊಳಕ್ಕೇ ತಂದಿದ್ದರು. ದೊಡ್ಡೋರು ಹೊಸ ಕೋಟು ತೊಟ್ಟು ಮುಕ್ಕಾಲು ಗಂಟೆ ಮಾತಾಡಿದರು.

"ಪೆಪ್ಟೈಡ್ ಎನ್ನುವುದು ಅತ್ತೆಯಿದ್ದಂತೆ. ಈ ಹೋಲಿಕೆ ನನಗೆ ಸ್ನಾನ ಮಾಡುವಾಗ ಹೊಳೆಯಿತು. ತಾನು ಒಲೆ ಹಚ್ಚದೆ ಬರೀ ಕೂಗುತ್ತಿರುತ್ತದೆ," ಎಂದರು.

"ನಾನೂ ಮೂವರು ಸೊಸೆಯರಿಗೆ ಅತ್ತೆ," ಎಂದರು ಅಧ್ಯಕ್ಷೆ. "ಮುಂದಕ್ಕೆ ಹೇಳಿ."

ದೊಡ್ಡೋರ ಕೋಟಿನ ಕಂಕುಳು ಒದ್ದೆಯಾಯಿತು. ಒಂಬತ್ತೂವರೆಗೆ ಕೈಸನ್ನೆ ಮಾಡಿದರು. ಇಲಿಮಾವ ಚೌಕಟ್ಟಿಗೆ ಕೀಲಿ ಬಡಿದ. ಗೆರೆ ಒಂದಿಷ್ಟು ಕೊಸರಾಡಿ ಮಲಗಿತು. ಮತ್ತೆ ಬಡಿದ, ಗೆರೆ ಕೊಸರಾಡಲೂ ಇಲ್ಲ. ಕಿವಿಹರಕಿಯ ಪೆಟ್ಟಿಗೆಯದೇ ಗೆರೆ ಅದು. ಆ ಇಲಿ ಹೊಟ್ಟಿನಲ್ಲಿ ಮುಖ ಹುದುಗಿಸಿ ಮಲಗಿತ್ತು.

"ಜೋರಾಗಿ ಬಡಿಯೋ!" ದೊಡ್ಡೋರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಕ್ಷಮಿಸಿ, ನಮ್ಮ ಧ್ವನಿ ಸೂಚಕ ಸ್ವಲ್ಪ ಹಳೆಯದು."

ಅಕ್ಕ ಮೂಲೆಯಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಇಲಿಮಾವ ಆಕೆಯ ಕಡೆ ನೋಡಿದ, ಹೊಟ್ಟಿನ ಕಡೆ ನೋಡಿದ. ಫಲಕವನ್ನು ನೋಡಬೇಕಾಗಿರಲಿಲ್ಲ, ಅದು ನೆತ್ತಿಯ ಮೇಲೆಯೇ ಇತ್ತು. ಕೈಯನ್ನು ಜೇಬಿಗೆ ಹಾಕಿದ.

ಕಾಗದದ ಪೊಟ್ಟಣ ಸರಸರ ಅಂದಿತು. ಅಷ್ಟೇ. ಕಿವಿಹರಕಿ ತಲೆ ಎತ್ತಿತು, ಎರಡು ಕಾಲ ಮೇಲೆ ನಿಂತು ಸರಳು ಹಿಡಿಯಿತು. ಬೀಜ ಇನ್ನೂ ಹೊರಗೆ ಬಂದೇ ಇರಲಿಲ್ಲ, ಗೆರೆ ಎದೆ ದಾಟಿ, ತಲೆ ದಾಟಿ, ಪರದೆಯ ನೆತ್ತಿಗೆ ಬಡಿಯಿತು.

"ಏನದು ಜೇಬಲ್ಲಿ?" ದೊಡ್ಡೋರು ಕಿರುಚಿದರು.

"ಸೂರ್ಯಕಾಂತಿ ಬೀಜ ಸ್ವಾಮಿ." ಇಲಿಮಾವ ಪೊಟ್ಟಣವನ್ನು ಹೊರಗೆ ತೆಗೆದು ತೋರಿಸಿದ. "ಇಪ್ಪತ್ತಾರು ವರ್ಷದಿಂದ ಕೊಡ್ತಿದ್ದೀನಿ. ಕೀಲಿ ಸದ್ದಾದ್ರೆ ಬೀಜ ಬರುತ್ತೆ ಅಂತ ಅವು ನಂಬಿದ್ವು. ಈ ಸಲ ಹೆದರ್ಕೊಂಡು ಬರೀ ಸದ್ದು ಮಾಡ್ದೆ, ನಂಬಿಕೆ ಹೋಯ್ತು. ಯಾವ ಪೆಪ್ಟೈಡ್ ಕೊಟ್ರೂ ಹೋದ ನಂಬಿಕೆ ಬರಲ್ಲ."

"ನಿಯಮ ಉಲ್ಲಂಘನೆ! ಈ ಕ್ಷಣವೇ ವಜಾ—"

"ಸ್ವಲ್ಪ ತಡೀರಿ," ಎಂದು ಅಧ್ಯಕ್ಷೆ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ಇವರನ್ನು ಕಳಿಸಿಬಿಟ್ಟರೆ ನಾಳೆ ಒಲೆ ಯಾರು ಹಚ್ಚುತ್ತಾರೆ? ನೀವಾ? ನಿಮ್ಮನ್ನು ನೋಡಿ ಆ ಇಲಿ ತಲೆ ಎತ್ತುತ್ತದೆಯಾ?" ಆಮೇಲೆ ಇಲಿಮಾವನ ಕಡೆ ತಿರುಗಿ, ದನಿ ಬದಲಿಸಿ, "ಅಯ್ಯೋ, ಅದಕ್ಕೆ ಬೀಜ ಕೊಡಪ್ಪ ಮೊದಲು. ಪಾಪ, ನಿಂತೇ ಇದೆ," ಎಂದರು.

ಅವನು ಕೊಟ್ಟ.

ಆಮೇಲಿನ ಸಂಗತಿಯೆಲ್ಲ ಕಾಗದದ ಮೇಲೆ ನಡೆಯಿತು. ಸಮಿತಿ ಅಕ್ಕನ ನಾಲ್ಕು ಬಗೆಯ ಪರೀಕ್ಷೆಯನ್ನು ಒಪ್ಪಿ, ಬೀಜವನ್ನೂ ಸೇರಿಸಿ ಮತ್ತೊಮ್ಮೆ ಮಾಡಿಸಿತು. ಅರ್ಧ ಗಂಟೆಯ ನಿಯಮ ಮುಂದೆ ಎಲ್ಲೂ ಕೇಳಿಬರಲಿಲ್ಲ. ಅಕ್ಕ ತನ್ನ ಪ್ರಬಂಧದ ಕೊನೆಯ ಪುಟದಲ್ಲಿ ‘ಪ್ರಾಣಿಗೃಹದ ಅಣ್ಣನಿಗೆ’ ಎಂದು ಬರೆದಳು, ದೊಡ್ಡೋರು ಅದು ತಮಗೇ ಎಂದು ತಿಳಿದು ತಡೆಯಲಿಲ್ಲ.

ಕಚೇರಿಯಿಂದ ಇಲಿಮಾವನಿಗೆ ಒಂದೇ ದಿನ ಎರಡು ಲಕೋಟೆ ಬಂದವು. ಒಂದರಲ್ಲಿ ಅವನನ್ನು ಉಪಕರಣಗಳ ಪಟ್ಟಿಯಿಂದ ತೆಗೆದು, ನಿವೃತ್ತಿಯವರೆಗೂ ಪ್ರಾಣಿಗೃಹಕ್ಕೆ ಮರಳಿಸಿದ ಆದೇಶ. ಇನ್ನೊಂದರಲ್ಲಿ ಕಾರಣ ಕೇಳಿ ನೋಟಿಸು: ಇಪ್ಪತ್ತಾರು ವರ್ಷ ನಿಯಮ ಮೀರಿ ಬೀಜ ಕೊಟ್ಟಿದ್ದು ಏತಕ್ಕೆ, ಲಿಖಿತ ವಿವರಣೆ ಕೊಡತಕ್ಕದ್ದು. ಏಳನೆಯ ತರಗತಿಯ ಅಕ್ಷರದಲ್ಲಿ ಅವನು ಬರೆದುಕೊಟ್ಟ: ‘ದಿನಾ ಕಾಯುತ್ತಿದ್ದವು. ಅದಕ್ಕೆ.’ ಉತ್ತರ ನಿಗದಿತ ನಮೂನೆಯಲ್ಲಿಲ್ಲವೆಂದು ಆ ಕಡತ ಇನ್ನೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆಯುತ್ತಿದೆ.

ಹಳೆಯ ಫಲಕವನ್ನು ಕೀಳಲು ಯಾರಿಗೂ ಅಧಿಕಾರವಿಲ್ಲದ್ದರಿಂದ ಅದರ ಪಕ್ಕದಲ್ಲೇ ಹೊಸದೊಂದನ್ನು ಮೊಳೆ ಹೊಡೆದಿದ್ದಾರೆ: ‘ಟೋಪಿ ಇರುವ ಪ್ರತಿ ಇಲಿಗೆ ದಿನಕ್ಕೊಂದು ಸೂರ್ಯಕಾಂತಿ ಬೀಜ ಕಡ್ಡಾಯ.’ ಟೋಪಿ ಇಲ್ಲದ ಇಲಿಗಳ ಬಗ್ಗೆ ಹೊಸ ಫಲಕ ಏನೂ ಹೇಳುವುದಿಲ್ಲ, ಹಳೆಯದು ಹೇಳುತ್ತದೆ. ಇಲಿಮಾವ ತಿಂಗಳಿಗೊಮ್ಮೆ ಎರಡನ್ನೂ ಒರೆಸುತ್ತಾನೆ. ಒಂಬತ್ತೂವರೆಗೆ ಎರಡರ ಕೆಳಗೂ ನಿಂತು ಕೀಲಿ ಬಡಿದು, ಕೋಣೆಯಲ್ಲಿರುವ ಅಷ್ಟೂ ಇಲಿಗಳಿಗೆ ಬೀಜ ಹಂಚುತ್ತಾನೆ.